ಅಂಗಗಳನ್ನು ತೆಗೆದ ಮೇಲೆ ದೇಹವನ್ನು ಮೀಯಿಸಿ ಉಡಿಸಬಹುದೇ?

ಪ್ರಶ್ನೆ: ಅಂಗಾಂಗ ದಾನಕ್ಕೆ ನಮ್ಮ ಮನೆಯಲ್ಲಿ ಎಲ್ಲರ ಒಪ್ಪಿಗೆಯಿದೆ. ಹಿರಿಯರಿಗೆ ಮಾತ್ರ ಒಂದು ಅಂಜಿಕೆ. ಕೊಡಗಿನಲ್ಲಿ ಸಾವಾದಾಗ ದೇಹವನ್ನು ಮೀಯಿಸಿ, ಉಡಿಸಿ, ನೆಂಟರಿಷ್ಟರು ನೋಡುವಂತೆ ಮನೆಯಲ್ಲಿ ಇರಿಸುತ್ತೇವೆ. ಹೊಟ್ಟೆಯೊಳಗಿನ ಅಂಗಗಳನ್ನು ತೆಗೆದ ದೇಹಕ್ಕೆ ಇದೆಲ್ಲ ಮಾಡಲು ಆಗುತ್ತದೆಯೇ? ಅವನ್ನು ಹೇಗೆ ತೆಗೆಯುತ್ತಾರೆ?

ಉತ್ತರ: ಆಗುತ್ತದೆ. ಎದೆಯಿಂದ ಕಿಬ್ಬೊಟ್ಟೆಯವರೆಗೆ ನೇರವಾಗಿ ಇಳಿಯುವ ಒಂದು ಹೊಲಿಗೆ ಉಳಿಯುತ್ತದೆ. ಬಟ್ಟೆ ತೊಡಿಸಿದರೆ ಅದು ಕಾಣುವುದಿಲ್ಲ. ಆದರೆ ಇಷ್ಟು ಹೇಳಿದರೆ ಹಿರಿಯರ ಅಂಜಿಕೆ ಹೋಗದೆಂದು ನನಗೆ ಗೊತ್ತು. ಒಳಗೆ ಏನು ನಡೆಯುತ್ತದೆಂದು ತಿಳಿದರೆ ಹೋಗಬಹುದು.

ತಲೆಗೆ ತೀವ್ರ ಪೆಟ್ಟಾದವರನ್ನು ನಮ್ಮ ಜಿಲ್ಲೆಯಿಂದ ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯುವುದೇ ಹೆಚ್ಚು. ಅಲ್ಲಿ ಉಸಿರಾಟ ನಡೆಸುವ ಮಿದುಳು ಕಾಂಡ ಮತ್ತೆ ಚೇತರಿಸದಂತೆ ನಿಷ್ಕ್ರಿಯವಾಗಿದೆ, ಅಂದರೆ ಕಾನೂನಿನ ಪ್ರಕಾರ ಸಾವಾಗಿದೆಯೆಂದು ನಾಲ್ವರು ವೈದ್ಯರ ತಂಡವು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕೆಂಬುದು 1994ರ ಅಂಗಾಂಗ ಕಸಿ ಕಾಯ್ದೆಯ ಕಟ್ಟುನಿಟ್ಟು. ಅಂಗ ಕಸಿ ಮಾಡುವ ವೈದ್ಯರು ಆ ತಂಡದಲ್ಲಿ ಇರುವಂತಿಲ್ಲ. ಮನೆಯವರು ಒಪ್ಪಿ ಸಹಿ ಹಾಕಿದ ಮೇಲೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯು ಸರದಿಯ ಪ್ರಕಾರ ಅಂಗಗಳನ್ನು ಹಂಚುತ್ತದೆ.

ದೇಹವನ್ನು ಆಪರೇಷನ್ ಥಿಯೇಟರಿಗೆ ತರುವಾಗ ವೆಂಟಿಲೇಟರ್ ನಡೆಯುತ್ತಲೇ ಇರುತ್ತದೆ, ಹೃದಯ ಮಿಡಿಯುತ್ತಲೇ ಇರುತ್ತದೆ. ಬದುಕಿರುವವರ ಶಸ್ತ್ರಚಿಕಿತ್ಸೆಯಲ್ಲಿರುವಂತೆಯೇ ಅರಿವಳಿಕೆ ತಜ್ಞರು ತಲೆಯ ಬಳಿ ನಿಂತು ರಕ್ತದೊತ್ತಡ ಕಾಯುತ್ತಾರೆ. ಕತ್ತಿನ ಬುಡದಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಒಂದೇ ಗೆರೆಯಲ್ಲಿ ತೆರೆದು, ದೊಡ್ಡ ಕರುಳಿನ ಬಲಭಾಗವನ್ನೂ ಸಣ್ಣ ಕರುಳನ್ನೂ ಬಿಡಿಸಿ ಮೇಲಕ್ಕೆ ಮಗುಚಿದಾಗ, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ, ಬೆನ್ನೆಲುಬಿಗೆ ಒತ್ತಿಕೊಂಡಿರುವ ಮಹಾಪಧಮನಿ ಕಾಣುತ್ತದೆ. ಮುಂದಿನ ಕೆಲಸಕ್ಕೆಲ್ಲ ಆ ರಕ್ತನಾಳವೇ ದಾರಿ.

ಇಲ್ಲಿ ಶಸ್ತ್ರವೈದ್ಯರು ಒಂದು ಕ್ಷಣ ನಿಂತು, ಯಕೃತ್ತಿನ ಕೆಳಗೆ, ಪಿತ್ತನಾಳದ ಹಿಂದೆ ಬೆರಳಿಟ್ಟು ಮಿಡಿತ ಹುಡುಕುತ್ತಾರೆ. ನೂರರಲ್ಲಿ ಹತ್ತು ಹದಿನೈದು ಜನರಲ್ಲಿ ಯಕೃತ್ತಿನ ಬಲಭಾಗಕ್ಕೆ ರಕ್ತ ಒಯ್ಯುವ ನಾಳವು ಕರುಳಿನ ರಕ್ತನಾಳದಿಂದ ಕವಲೊಡೆದು ಆ ಹಿಂಬದಿಯಲ್ಲಿ ಬರುತ್ತದೆ. ಅದನ್ನು ಗಮನಿಸದೆ ಕತ್ತರಿಸಿದರೆ, ನೂರಾರು ಕಿಲೋಮೀಟರ್ ದೂರದಲ್ಲಿ ಕಾದಿರುವ ರೋಗಿಗೆ ಆ ಯಕೃತ್ತು ಕೆಲಸಕ್ಕೆ ಬಾರದೆ ಹೋಗಬಹುದು. ಈ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಗಳಿಗೆ ಇದೆಂದೇ ನನ್ನ ಭಾವನೆ.

ಬಳಿಕ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಮಹಾಪಧಮನಿಯ ಕೆಳತುದಿಯಲ್ಲಿ ಕೊಳವೆ ಕೂರಿಸಿ, ಮೇಲೆ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆಯ) ಹತ್ತಿರ ನಾಳವನ್ನು ಮುಚ್ಚಲು ಕ್ಲಾಂಪ್ ಹಾಕುತ್ತಾರೆ. ಅದೇ ಕ್ಷಣದಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನ ಸಂರಕ್ಷಕ ದ್ರಾವಣವನ್ನು ಕೊಳವೆಯ ಮೂಲಕ ಹರಿಸಿ, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಯನ್ನು ಕತ್ತರಿಸಿ ರಕ್ತ ಹೊರಹೋಗಲು ದಾರಿ ಮಾಡಿ, ಹೊಟ್ಟೆಯೊಳಗೆ ಪುಡಿ ಮಂಜುಗಡ್ಡೆ ತುಂಬುತ್ತಾರೆ. ವೆಂಟಿಲೇಟರ್ ನಿಲ್ಲುವುದು ಆಗಲೇ. ಕಡುಗೆಂಪಾಗಿದ್ದ ಯಕೃತ್ತು ಕಣ್ಣೆದುರೇ ಬಣ್ಣ ಕಳೆದುಕೊಂಡು ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ; ಹೊರಬರುವ ದ್ರವವೂ ಕೆಂಪಿನಿಂದ ತಿಳಿಯಾಗುತ್ತದೆ. ಹೀಗೆ ತಂಪಾದ ಯಕೃತ್ತನ್ನು ಸುಮಾರು 12 ಗಂಟೆಯೊಳಗೆ, ಮೂತ್ರಪಿಂಡಗಳನ್ನು ಒಂದು ದಿನದೊಳಗೆ ಕಸಿ ಮಾಡುವುದು ರೂಢಿ.

ಅಂಗಗಳನ್ನು ಬೇರ್ಪಡಿಸುವುದು ಇದಾದ ಮೇಲೆ. ಹೃದಯ, ಶ್ವಾಸಕೋಶಗಳು ದಾನವಾಗಿದ್ದರೆ ಅವು ಮೊದಲು; ಆಮೇಲೆ ಯಕೃತ್ತು, ಮೇದೋಜೀರಕ ಗ್ರಂಥಿ; ಕೊನೆಗೆ ಮೂತ್ರಪಿಂಡಗಳು. ಮೂತ್ರನಾಳವನ್ನು ಸುತ್ತಲಿನ ಅಂಗಾಂಶದೊಂದಿಗೆ ಉದ್ದಕ್ಕೇ ಬಿಡಿಸಿಕೊಳ್ಳುತ್ತಾರೆ, ಏಕೆಂದರೆ ಅದನ್ನು ಪೋಷಿಸುವ ಸಣ್ಣ ರಕ್ತನಾಳಗಳು ಆ ಅಂಗಾಂಶದಲ್ಲೇ ಇವೆ. ಹಲವು ಅಂಗಗಳನ್ನು ಒಂದೇ ದೇಹದಿಂದ ಹೀಗೆ ಕ್ರಮವಾಗಿ ತೆಗೆಯುವ ವಿಧಾನವನ್ನು ಅಮೆರಿಕದ ಪಿಟ್ಸ್‌ಬರ್ಗ್‌ನ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ದಾನಿಯ ರಕ್ತದೊತ್ತಡ ಕುಸಿಯುತ್ತಿದ್ದರೆ ಮೊದಲು ತಂಪು ದ್ರಾವಣ ಹರಿಸಿ ಆಮೇಲೆ ಎಲ್ಲವನ್ನೂ ಬಿಡಿಸಿಕೊಳ್ಳುವ ಶೀಘ್ರ ವಿಧಾನವೂ ಇದೆ. ಅದರಲ್ಲಿ ಮಿಡಿತವೇ ಇಲ್ಲದ ನಾಳಗಳನ್ನು ಗುರುತಿಸಬೇಕಾಗುವುದರಿಂದ ಅನುಭವಿ ಕೈ ಬೇಕು.

ಇನ್ನು ಹಿರಿಯರು ಕೇಳಿದ ಮಾತಿಗೆ ಬರೋಣ. ಎಲ್ಲ ಮುಗಿದ ಮೇಲೆ ಒಳಗಿನ ದ್ರವವನ್ನು ಹೀರಿ ತೆಗೆದು, ಎದೆಯನ್ನೂ ಹೊಟ್ಟೆಯನ್ನೂ ಪದರವಾಗಿ ಹೊಲಿದು, ಕೊಳವೆಗಳನ್ನು ಕಳಚಿ, ಮೈ ಒರೆಸಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸುತ್ತಾರೆ. ರಕ್ತ ಹೊರಹೋಗಿರುವುದರಿಂದ ಮೈ ಸ್ವಲ್ಪ ಬಿಳುಚಿದಂತೆ ಕಾಣಬಹುದು. ಮುಖ ಹಾಗೆಯೇ ಇರುತ್ತದೆ. ಮೀಯಿಸುವಾಗ ಪಟ್ಟಿಯನ್ನು ಕೀಳದೆ, ಹೊಲಿಗೆಯ ಮೇಲೆ ಉಜ್ಜದೆ ನೀರು ಹೊಯ್ಯಬೇಕು. ದ್ರವ ಒಸರಿದರೆ ಹಾಕಿಕೊಳ್ಳಲು ಇನ್ನೊಂದು ಪಟ್ಟಿಯನ್ನು ಆಸ್ಪತ್ರೆಯಲ್ಲೇ ಕೇಳಿ ತನ್ನಿ.

ಸಮಯದ ಬಗ್ಗೆ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಶಸ್ತ್ರಚಿಕಿತ್ಸೆಗೇ ಹಲವು ಗಂಟೆ ಹಿಡಿಯುತ್ತದೆ, ತಂಡಗಳು ಬಂದು ಸೇರಲು ಇನ್ನಷ್ಟು. ಅಪಘಾತದ ಪ್ರಕರಣವಾದರೆ ಪೊಲೀಸರ ವಿಧಿಗಳು, ಮರಣೋತ್ತರ ಪರೀಕ್ಷೆಯೂ ಸೇರುತ್ತವೆ, ಮತ್ತು ಆ ಪರೀಕ್ಷೆಯ ಹೊಲಿಗೆಗಳು ದಾನ ಮಾಡದಿದ್ದರೂ ಇರುವಂಥವೇ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ವಿರಾಜಪೇಟೆ ಕಡೆಯ ಮಳೆಗಾಲದ ರಸ್ತೆ ನಿಮಗೇ ಗೊತ್ತು. ಸಹಿ ಹಾಕುವ ಮುನ್ನ ಆಸ್ಪತ್ರೆಯ ಅಂಗ ಕಸಿ ಸಂಯೋಜಕರನ್ನು ಕರೆದು, ದೇಹ ಯಾವ ಹೊತ್ತಿಗೆ ಕೈಸೇರಬಹುದೆಂದು ಕೇಳಿ, ಅದನ್ನು ನೋಡಿಕೊಂಡು ಊರಿಗೆ ಸುದ್ದಿ ಕಳಿಸಿ.