ವರ್ಷಕ್ಕೆ ಮೂರು ಸಲ: ಬ್ರಿಟನ್ನಿನ ತುರ್ತು ನೆರವಿಗೆ ಮಿತಿ ಬಂದ ಬಗೆ

ಸ್ಕಾಟ್ಲೆಂಡಿನಲ್ಲಿ ಅಡುಗೆಗೂ ಮನೆ ಬೆಚ್ಚಗಿಡುವುದಕ್ಕೂ ಕಾಸಿಲ್ಲದವರು ತಮ್ಮ ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತ ಸಂಸ್ಥೆ) ತುರ್ತು ಅನುದಾನ ಕೇಳಬಹುದಾದರೂ, ಸಾಮಾನ್ಯವಾಗಿ 12 ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ಸಲ ಅದು ಸಿಗುವುದಿಲ್ಲ. ವಿಚಿತ್ರವೆಂದರೆ, ಈ ಮೂರರ ಲೆಕ್ಕ ಮೊದಲು ಬಂದದ್ದು ಅನುದಾನಕ್ಕಲ್ಲ, ಸಾಲಕ್ಕೆ.

1980ರ ದಶಕದ ಮೊದಲ ವರ್ಷಗಳಲ್ಲಿ ಹಾಸಿಗೆ, ಒಲೆ, ಬಟ್ಟೆಗಳಂತಹ ಅಗತ್ಯಗಳಿಗೆ ಬಡವರು ನಿಯಮಬದ್ಧ ಹಕ್ಕಿನಂತೆ ಹಣ ಪಡೆಯುತ್ತಿದ್ದರು. ಖರ್ಚು ಏರಿದಾಗ ಥ್ಯಾಚರ್ ಸರ್ಕಾರ 1986ರ ಕಾಯ್ದೆಯ ಮೂಲಕ ಆ ವ್ಯವಸ್ಥೆಯನ್ನು ಕೈಬಿಟ್ಟು, 1988ರ ಏಪ್ರಿಲ್‌ನಲ್ಲಿ ಸೋಷಿಯಲ್ ಫಂಡ್ ಎಂಬ ಸರ್ಕಾರಿ ನೆರವು ನಿಧಿಯ ವಿವೇಚನಾ ಭಾಗವನ್ನು ಜಾರಿಗೆ ತಂದಿತು. ಅದಕ್ಕೆ ವರ್ಷಕ್ಕಿಷ್ಟೇ ಎಂಬ ಬಜೆಟ್ ಇತ್ತು, ತೀರ್ಮಾನ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದಾಗಿತ್ತು, ಹಣದ ಬಹುಪಾಲು ಬಡ್ಡಿಯಿಲ್ಲದ ಸಾಲವಾಗಿತ್ತು. ಪರಿಸ್ಥಿತಿ ಬದಲಾಗದ ಹೊರತು ಅದೇ ವಸ್ತುವಿಗೆ 26 ವಾರಗಳೊಳಗೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಕಠಿಣವೇ ಆದರೂ ಆ ತಡೆ ನೋಡುತ್ತಿದ್ದದ್ದು ಯಾವುದಕ್ಕಾಗಿ ಕೇಳುತ್ತಿದ್ದಾರೆ ಎಂಬುದನ್ನು, ಎಷ್ಟನೆಯ ಸಲ ಎಂಬುದನ್ನಲ್ಲ.

ಫೋನಿನಲ್ಲಿ ಅರ್ಜಿ ಸಲ್ಲಿಸಲು ಸಾಧ್ಯವಾದ ಮೇಲೆ ಈ ನಿಧಿಯ ತುರ್ತು ಸಾಲಗಳಾದ ಕ್ರೈಸಿಸ್ ಲೋನ್‌ಗಳ ಸಂಖ್ಯೆ ಏರಿತು. 2011ರ ಏಪ್ರಿಲ್‌ನಲ್ಲಿ ಸರ್ಕಾರ ದಿನನಿತ್ಯದ ಖರ್ಚಿಗೆ ಕೊಡುವ ಇಂಥ ಸಾಲಗಳನ್ನು 12 ತಿಂಗಳಿಗೆ ಮೂರಕ್ಕೆ ಸೀಮಿತಗೊಳಿಸಿ, ಅವುಗಳ ಮೊತ್ತವನ್ನು ಸರ್ಕಾರಿ ಭತ್ಯೆ ದರದ ಶೇ. 75ರಿಂದ ಶೇ. 60ಕ್ಕೆ ಇಳಿಸಿತು. ಪಡೆದ ಸಾಲ ಮುಂದಿನ ಭತ್ಯೆಯಲ್ಲೇ ಕಡಿತವಾಗುತ್ತಿದ್ದುದರಿಂದ, ಸಾಲದ ಮೇಲೆ ಸಾಲ ಬೀಳದಿರಲಿ ಎಂಬ ವಾದಕ್ಕೆ ಅಲ್ಲಿ ಸ್ವಲ್ಪವಾದರೂ ಅರ್ಥವಿತ್ತು.

2013ರ ಏಪ್ರಿಲ್‌ನಲ್ಲಿ ಈ ಸಾಲಗಳೇ ರದ್ದಾದವು. ಇಂಗ್ಲೆಂಡಿನಲ್ಲಿ ಹೊಣೆ ಕೌನ್ಸಿಲ್‌ಗಳಿಗೆ ಹೋಯಿತು. ಹಣವನ್ನು ಇದಕ್ಕೇ ಬಳಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಮರುಪಾವತಿಯಿಲ್ಲದ ಅನುದಾನ ಯೋಜನೆಗಳನ್ನು ಆರಂಭಿಸಿದರೂ ಮೂರರ ಮಿತಿ ಎರಡೂ ಕಡೆ ಉಳಿಯಿತು. ಕೋವಿಡ್ ಕಾಲದಲ್ಲಿ ವೇಲ್ಸ್ ಅದನ್ನು ಐದಕ್ಕೇರಿಸಿದ್ದನ್ನು ನೋಡಿದರೆ, ಆ ಸಂಖ್ಯೆ ಅಗತ್ಯದ ಅಳತೆಗಿಂತ ಬಜೆಟ್ಟಿನ ಅಳತೆ ಎಂದೇ ತೋರುತ್ತದೆ. ಕಡಿಮೆ ಆದಾಯದವರಿಗೂ ಕೆಲಸವಿಲ್ಲದವರಿಗೂ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆಯ ಮೊದಲ ಪಾವತಿಗೇ ಸುಮಾರು ಐದು ವಾರ ಕಾಯಬೇಕಾದವರಿಗೆ ಮೂರು ಅವಕಾಶ ಮುಗಿಯಲು ಬಹಳ ಕಾಲ ಬೇಕಿಲ್ಲ.

ಸ್ಕಾಟ್ಲೆಂಡಿನ ನಿಯಮದಲ್ಲಿ ಅಸಾಧಾರಣ ಸಂದರ್ಭಗಳಿಗೆ ವಿನಾಯಿತಿ ಇದೆ. ಅರ್ಜಿ ತಿರಸ್ಕೃತವಾದವರು ಮೊದಲು ಕೌನ್ಸಿಲ್‌ನಲ್ಲೇ ಮರುಪರಿಶೀಲನೆ ಕೇಳಿ, ಅಲ್ಲಿಯೂ ಒಪ್ಪಿಗೆಯಾಗದಿದ್ದರೆ 2016ರಿಂದ ಸಾರ್ವಜನಿಕ ಸೇವೆಗಳ ಓಂಬುಡ್ಸ್‌ಮನ್ (ದೂರು ಪರಿಶೀಲಿಸುವ ಸ್ವತಂತ್ರ ಅಧಿಕಾರಿ) ಬಳಿಗೆ ಹೋಗಬಹುದು. ಕೌನ್ಸಿಲ್‌ನ ತೀರ್ಮಾನವನ್ನು ಬದಲಿಸುವ ಅಧಿಕಾರ ಆ ಕಚೇರಿಗಿದೆ.