ನಾಲ್ಕರಲ್ಲಿ ಒಂದು ಒಳ್ಳೆಯದಾದರೆ ಸಾಕು

2021ರ ಡಿಸೆಂಬರ್‌ನಲ್ಲಿ ಟೈಗರ್ ವುಡ್ಸ್ ತಮ್ಮ ಮಗ ಚಾರ್ಲಿಯೊಂದಿಗೆ ಎರಡು ದಿನಗಳ ಪಂದ್ಯವೊಂದನ್ನು ಆಡಲು ಅಮೆರಿಕದ ಓರ್ಲಾಂಡೊದ ಗಾಲ್ಫ್ ಮೈದಾನಕ್ಕೆ ಬಂದಾಗ ಅವರ ನಡಿಗೆ ಇನ್ನೂ ಸರಿಹೋಗಿರಲಿಲ್ಲ. ಹತ್ತು ತಿಂಗಳ ಹಿಂದೆ ಕಾರು ಅಪಘಾತದಲ್ಲಿ ಬಲಗಾಲಿನ ಮೂಳೆಗಳು ಮುರಿದಿದ್ದವು. ಮಗನಿಗೆ 12 ವರ್ಷ. ಕಾಲು ನೋವಿನ ಅಪ್ಪ, ಮೀಸೆ ಮೂಡದ ಮಗ ಕೂಡಿ ಎರಡನೆಯ ದಿನದ 18 ಕುಳಿಗಳನ್ನು 57 ಹೊಡೆತಗಳಲ್ಲಿ ಮುಗಿಸಿದರು. ವುಡ್ಸ್ ಮೈಯಲ್ಲಿ ಕಸುವು ತುಂಬಿದ್ದ ದಿನಗಳಲ್ಲೂ ಅಮೆರಿಕದ ವೃತ್ತಿಪರರ ಪಂದ್ಯಸರಣಿಯಾದ ಪಿಜಿಎ ಟೂರ್‌ನಲ್ಲಿ ಒಬ್ಬರೇ ಆಡಿ 61ಕ್ಕಿಂತ ಕೆಳಗೆ ಇಳಿದವರಲ್ಲ. ಹಾಗಿದ್ದೂ ಆ ದಿನ ಕಪ್ ಅವರಿಗೆ ಸಿಗಲಿಲ್ಲ. ಎರಡು ದಿನದ ಆಟವನ್ನು 117 ಹೊಡೆತಗಳಲ್ಲಿ ಮುಗಿಸಿದ ಗಾಲ್ಫಿಗ ಜಾನ್ ಡಾಲಿ ಮತ್ತು ಅವರ ಮಗ ಗೆದ್ದರು.

ಗಾಲ್ಫ್‌ನಲ್ಲಿ ಅಂಕ ಕಡಿಮೆಯಾದಷ್ಟೂ ಮೇಲು. ಒಂದು ಕುಳಿಗೆ ಚೆಂಡನ್ನು ಬೀಳಿಸಲು ನುರಿತವನಿಗೆ ಎಷ್ಟು ಹೊಡೆತ ಬೇಕೋ ಅದು ಪಾರ್. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಸಾಮಾನ್ಯ ಮೈದಾನದ 18 ಕುಳಿಗಳ ಪಾರ್ ಒಟ್ಟು 72. ಪಿಜಿಎ ಟೂರ್‌ನಲ್ಲಿ ಒಂದು ಸುತ್ತಿನ ದಾಖಲೆ ಜಿಮ್ ಫ್ಯೂರಿಕ್ 2016ರಲ್ಲಿ ಮಾಡಿದ 58. ಅಪ್ಪ ಮಗ ಅದಕ್ಕಿಂತ ಕೆಳಗೆ ಹೋಗಲು ಕಾರಣ ಅವರು ಆಡಿದ ಪದ್ಧತಿ. ಅದರ ಹೆಸರು ಸ್ಕ್ರ್ಯಾಂಬಲ್. ತಂಡದ ಎಲ್ಲರೂ ಚೆಂಡು ಹೊಡೆಯುತ್ತಾರೆ. ಯಾವುದು ಚೆನ್ನಾಗಿ ಬಿದ್ದಿದೆಯೋ ಅದನ್ನು ಉಳಿಸಿಕೊಂಡು ಮಿಕ್ಕವನ್ನು ಎತ್ತಿಕೊಳ್ಳುತ್ತಾರೆ. ಮುಂದಿನ ಹೊಡೆತವನ್ನು ಎಲ್ಲರೂ ಆ ಜಾಗದಿಂದಲೇ ಹೊಡೆಯುತ್ತಾರೆ. ಚೆಂಡು ಕುಳಿಗೆ ಬೀಳುವವರೆಗೂ ಇದೇ ಕ್ರಮ. ಎಷ್ಟು ಮಂದಿ ಹೊಡೆದರೂ ಲೆಕ್ಕಕ್ಕೆ ಹಿಡಿಯುವುದು ಒಂದೇ ಹೊಡೆತ.

ಶಾಲೆ, ಆಸ್ಪತ್ರೆಗಳಿಗೆ ಹಣ ಕೂಡಿಸಲು ಅಮೆರಿಕದಲ್ಲಿ ನಡೆಯುವ ಪಂದ್ಯಗಳಲ್ಲಿ ನಾಲ್ವರ ಸ್ಕ್ರ್ಯಾಂಬಲ್ ಬಹಳ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಆಡುವವರ ತಂಡವೊಂದು 58ರ ಕಾರ್ಡ್ ಒಪ್ಪಿಸಿದರೆ ಪಕ್ಕದ ಮೇಜಿನಲ್ಲಿ ಪಿಸುಮಾತು ಶುರುವಾಗುತ್ತದೆ: ಬರೆದುಕೊಂಡಿದ್ದಾರೆ, ಸುಳ್ಳು ಲೆಕ್ಕ. ನನಗೆ ಈ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ. ಯಾರನ್ನಾದರೂ ಕಳ್ಳರೆನ್ನುವ ಮೊದಲು ಐದು ನಿಮಿಷ ಕಾಗದ ಪೆನ್ಸಿಲ್ ಹಿಡಿದು ಕೂರಬೇಕು.

ಮನೆಯಲ್ಲಿ ದಾಳವಿದ್ದರೆ ಒಂದನ್ನು ಉರುಳಿಸಿ. ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದು, ಸುಮಾರು ಶೇ 17. ಈಗ ನಾಲ್ಕನ್ನು ಒಟ್ಟಿಗೆ ಉರುಳಿಸಿ, ಒಂದರಲ್ಲಾದರೂ ಆರು ಬಿದ್ದರೆ ಸಾಕು ಎಂದುಕೊಳ್ಳಿ. ಸಾಧ್ಯತೆ ಶೇ 52ರ ಹತ್ತಿರ ಬರುತ್ತದೆ. 17ನೇ ಶತಮಾನದ ಫ್ರಾನ್ಸ್‌ನಲ್ಲಿ ಜೂಜುಕೋರರು ಪಂತ ಕಟ್ಟುತ್ತಿದ್ದುದು ಈ ನಾಲ್ಕು ಎಸೆತಗಳ ಮೇಲೆಯೇ. ಅಲ್ಲಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರ ಬರೆದುಕೊಂಡು ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದ್ದು ಇಂಥ ಜೂಜಿನ ಪ್ರಶ್ನೆಗಳಿಂದ. ಲೆಕ್ಕ ಹಾಕುವ ದಾರಿ ಸುಲಭ: ಎಲ್ಲರೂ ಸೋಲುವ ಸಾಧ್ಯತೆಯನ್ನು ಮೊದಲು ಕಂಡುಹಿಡಿದು ಅದನ್ನು ಒಂದರಿಂದ ಕಳೆಯುವುದು.

ಇದನ್ನು ಮೈದಾನಕ್ಕೆ ಒಯ್ಯೋಣ. ಪಾರ್ 4ರ ಕುಳಿ. ಸಾಧಾರಣ ಆಟಗಾರನ ಮೊದಲ ಹೊಡೆತ ಎರಡರಲ್ಲಿ ಒಂದು ಸಲ ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ನಡುದಾರಿ) ಬೀಳುತ್ತದೆ, ಅಲ್ಲಿಂದ ಹತ್ತರಲ್ಲಿ ಮೂರು ಸಲ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟುತ್ತಾನೆ, ಗ್ರೀನ್‌ನಿಂದ ನೂರರಲ್ಲಿ 15 ಸಲ ಒಂದೇ ಪಟ್‌ನಲ್ಲಿ (ನೆಲದ ಮೇಲೆ ಉರುಳಿಸುವ ಹೊಡೆತ) ಚೆಂಡನ್ನು ಬೀಳಿಸುತ್ತಾನೆ ಎಂದಿಟ್ಟುಕೊಳ್ಳಿ. ಮೂರೂ ಕೂಡಿಬಂದರೆ ಬರ್ಡಿ. ಗುಣಿಸಿದರೆ ಶೇ 2.25, ನಲವತ್ತನಾಲ್ಕು ಕುಳಿಗೆ ಒಂದು. ಅಂಥ ನಾಲ್ವರು ಕೂಡಿದರೆ ಒಬ್ಬನಾದರೂ ಫೇರ್‌ವೇ ಹಿಡಿಯುವ ಸಾಧ್ಯತೆ ಶೇ 94, ಒಬ್ಬನಾದರೂ ಗ್ರೀನ್ ಮುಟ್ಟುವುದು ಶೇ 76, ಒಬ್ಬನಾದರೂ ಪಟ್ ಬೀಳಿಸುವುದು ಶೇ 48. ಗುಣಿಸಿ: ಶೇ 34. ಮೂರು ಕುಳಿಗೆ ಒಂದು ಬರ್ಡಿ! ಆಟಗಾರರು ನಾಲ್ಕು ಪಟ್ಟು, ಬರ್ಡಿ 15 ಪಟ್ಟು.

ನಾಲ್ವರಿದ್ದರೆ ಹೀಗಾಗುವುದು ಸಹಜ ಎನಿಸಬಹುದು. ಆದರೆ ಅದೇ ನಾಲ್ವರು ತಮ್ಮ ತಮ್ಮ ಚೆಂಡನ್ನೇ ಕೊನೆಯವರೆಗೆ ಆಡಿ, ಕುಳಿ ಮುಗಿದ ಮೇಲೆ ಅವರಲ್ಲಿ ಒಳ್ಳೆಯ ಅಂಕವನ್ನು ಆರಿಸಿಕೊಂಡರೆ ಬರ್ಡಿಯ ಸಾಧ್ಯತೆ ಶೇ 8.7 ಮಾತ್ರ. ಸ್ಕ್ರ್ಯಾಂಬಲ್‌ನ ಗುಟ್ಟು ಇಲ್ಲಿದೆ. ಕೊನೆಯಲ್ಲಿ ಆರಿಸಬೇಕಾದರೆ ಒಬ್ಬನೇ ಮೂರು ಸಲ ಸತತವಾಗಿ ಚೆನ್ನಾಗಿ ಹೊಡೆದಿರಬೇಕು. ಹೆಜ್ಜೆ ಹೆಜ್ಜೆಗೂ ಆರಿಸಿದರೆ ಒಬ್ಬನ ಮೊದಲ ಹೊಡೆತ, ಇನ್ನೊಬ್ಬನ ಎರಡನೇ ಹೊಡೆತ, ಮತ್ತೊಬ್ಬನ ಪಟ್ ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ. ರೈತ ವರ್ಷ ವರ್ಷವೂ ಒಳ್ಳೆಯ ತೆನೆಯನ್ನೇ ಬಿತ್ತನೆಗೆ ಎತ್ತಿಡುವುದಕ್ಕೂ, ಹತ್ತು ವರ್ಷ ಸುಮ್ಮನೆ ಬೆಳೆದು ಕೊನೆಗೊಮ್ಮೆ ಆರಿಸುವುದಕ್ಕೂ ಇರುವ ಅಂತರವೇ ಇದು.

ಈ ಲೆಕ್ಕದಲ್ಲಿ ನಾಲ್ಕೂ ಹೊಡೆತಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದುಕೊಂಡಿದ್ದೇನೆ. ನಿಜವಾಗಿ ಸಂಬಂಧವಿದೆ, ಗ್ರೀನ್ ಮೇಲೆ ಅದು ಕಣ್ಣಿಗೇ ಕಾಣುತ್ತದೆ. ಇಪ್ಪತ್ತು ಅಡಿ ದೂರದ ಪಟ್. ಮೊದಲಿಗ ಬಗ್ಗಿ, ಹುಲ್ಲಿನ ಇಳಿಜಾರನ್ನು ಅಂದಾಜು ಮಾಡಿ ಹೊಡೆಯುತ್ತಾನೆ. ಚೆಂಡು ಕುಳಿಗೆ ಒಂದು ಗೇಣು ಇರುವಾಗ ಎಡಕ್ಕೆ ವಾಲಿ ನಿಲ್ಲುತ್ತದೆ. ಹಿಂದೆ ನಿಂತು ನೋಡುತ್ತಿದ್ದ ಮೂವರಿಗೂ ಪಾಠವಾಯಿತು. ಪಾರ್ ಹೇಗೂ ಭದ್ರವಾಗಿದೆ, ಹಾಗಾಗಿ ಎರಡನೆಯವನು ಅಳುಕದೆ ಜೋರಾಗಿಯೇ ತಳ್ಳಬಹುದು. ಒಬ್ಬನೇ ಆಡುವವನಿಗೆ ಆ ಧೈರ್ಯ ಬರುವುದಿಲ್ಲ. ಕುಳಿ ದಾಟಿ ಆರು ಅಡಿ ಉರುಳಿದರೆ ವಾಪಸು ಬರುವ ಪಟ್ ಅವನದೇ ತಲೆಯ ಮೇಲೆ. ಆದ್ದರಿಂದ ಅವನು ಮೆಲ್ಲಗೆ ತಳ್ಳುತ್ತಾನೆ, ಕುಳಿಯವರೆಗೆ ಹೋಗದ ಚೆಂಡು ಎಂದಿಗೂ ಒಳಗೆ ಬೀಳುವುದಿಲ್ಲ. ನಾಲ್ಕನೆಯವನ ಸರದಿ ಬರುವ ಹೊತ್ತಿಗೆ ಇಳಿಜಾರು, ವೇಗ ಎರಡೂ ತಿಳಿದುಹೋಗಿರುತ್ತವೆ. ತಂಡದ ಕೈಪಳಗಿದ ಪಟ್ಟಿಗನನ್ನು ಕೊನೆಗೆ ಉಳಿಸಿಕೊಳ್ಳುವುದು ಇದಕ್ಕಾಗಿಯೇ.

ಕೆಟ್ಟ ಹೊಡೆತಕ್ಕೆ ಇಲ್ಲಿ ದಂಡವೇ ಇಲ್ಲ. ಒಬ್ಬನೇ ಆಡುವಾಗ ಚೆಂಡು ಮೈದಾನದ ಗಡಿ ದಾಟಿದರೆ ಒಂದು ಹೊಡೆತದ ದಂಡ ತೆತ್ತು ಹಿಂದಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಸ್ಕ್ರ್ಯಾಂಬಲ್‌ನಲ್ಲಿ ಅದನ್ನು ಮರೆತು ಗೆಳೆಯನ ಚೆಂಡಿನತ್ತ ನಡೆದರಾಯಿತು. ಹಾಗಾಗಿ ಮೂರು ಸಲ ಪೊದೆಗೆ, ನಾಲ್ಕನೆಯ ಸಲ ಎಲ್ಲರಿಗಿಂತ ಮೂವತ್ತು ಗಜ ಮುಂದಕ್ಕೆ ಹೊಡೆಯುವವನು ಇಲ್ಲಿ ಅಮೂಲ್ಯ. ಒಂದೇ ಕಡೆ ಗಟ್ಟಿಗರಾದವರಿಗೂ ಇಲ್ಲಿ ಪೂರ್ತಿ ಬೆಲೆ ಇದೆ. ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ; ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯ ಸ್ಥಾನದವರೆಗೆ ಏರಿದ್ದು, ಒಂದೇ ಹೊಡೆತದಿಂದ ಪದಕ ತಪ್ಪುವಷ್ಟು ಹತ್ತಿರ ಬಂದದ್ದು ಪಟ್ಟಿಂಗ್‌ನ ಬಲದಿಂದ. ಅಂಥವರ ಜೊತೆಗೆ ದೂರ ಹೊಡೆಯುವ ಒಬ್ಬರು ಸಿಕ್ಕರೆ ತಂಡದಲ್ಲಿ ಕೊರತೆ ಎಂಬುದೇ ಉಳಿಯುವುದಿಲ್ಲ.

ಹಾಗಾದರೆ ಪಿಸುಮಾತೆಲ್ಲ ಸುಳ್ಳೇ? ಲೆಕ್ಕ ಅದನ್ನೂ ಹೇಳುತ್ತದೆ. ನಮ್ಮ ಸಾಧಾರಣ ತಂಡಕ್ಕೆ ಒಂದು ಸುತ್ತಿನಲ್ಲಿ ಸರಾಸರಿ ಆರು ಬರ್ಡಿ ಬರುತ್ತವೆ. ಹದಿನೆಂಟಕ್ಕೆ ಹದಿನೆಂಟೂ ಬರ್ಡಿಯಾಗಿ 54 ಬರಬೇಕಾದರೆ 25 ಕೋಟಿಗೂ ಹೆಚ್ಚು ಸುತ್ತು ಆಡಿದಲ್ಲಿ ಒಮ್ಮೆ. ಈಗ ವೃತ್ತಿಪರ ಮಟ್ಟದ ನಾಲ್ವರನ್ನು ತೆಗೆದುಕೊಳ್ಳಿ. ಪಿಜಿಎ ಟೂರ್ ಆಟಗಾರರು ಸುಮಾರು ಶೇ 60 ಸಲ ಫೇರ್‌ವೇ, ಶೇ 65 ಸಲ ಗ್ರೀನ್ ಹಿಡಿಯುತ್ತಾರೆ. ಹತ್ತು ಅಡಿಯ ಪಟ್ ಅವರಿಗೆ ಶೇ 40 ಬೀಳುತ್ತದೆ. ನಾಲ್ಕರಲ್ಲಿ ಹತ್ತಿರದ ಚೆಂಡು ಹತ್ತು ಅಡಿಯೊಳಗೆ ಇರುತ್ತದೆ ಎಂದುಕೊಂಡರೆ ಬರ್ಡಿಯ ಸಾಧ್ಯತೆ ಶೇ 83 ದಾಟುತ್ತದೆ, ಸುತ್ತಿಗೆ 15 ಬರ್ಡಿ. ಇವರಿಗೆ ಎಲ್ಲ ಕುಳಿಗಳಲ್ಲೂ ಬರ್ಡಿ ಬರುವುದು ಇಪ್ಪತ್ತೈದು ಸುತ್ತಿಗೊಮ್ಮೆ! ಉದ್ದದ ಕುಳಿಗಳಲ್ಲಿ ಸಿಗುವ ಈಗಲ್‌ಗಳನ್ನು ಸೇರಿಸಿದರೆ ಇನ್ನೂ ಸುಲಭ. ಅದೇ 54 ಒಂದು ತಂಡಕ್ಕೆ ಅಸಾಧ್ಯಪ್ರಾಯ, ಇನ್ನೊಂದಕ್ಕೆ ಒಳ್ಳೆಯ ದಿನ. ಕಾರ್ಡ್ ನೋಡಿ ಏನೂ ಹೇಳಲಾಗದು, ಆಡಿದವರು ಯಾರೆಂದು ನೋಡಬೇಕು.

ಇದಕ್ಕೆಂದೇ ಹ್ಯಾಂಡಿಕ್ಯಾಪ್ ಇದೆ, ಅಂದರೆ ದುರ್ಬಲನಿಗೆ ಕೊಡುವ ಹೊಡೆತಗಳ ರಿಯಾಯಿತಿ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ನಾಲ್ವರ ಸ್ಕ್ರ್ಯಾಂಬಲ್‌ಗೆ ಸೂಚಿಸುವ ಪ್ರಮಾಣ ಹೀಗಿದೆ: ತಂಡದ ಉತ್ತಮ ಆಟಗಾರನ ಹ್ಯಾಂಡಿಕ್ಯಾಪ್‌ನ ಶೇ 25, ನಂತರದವನ ಶೇ 20, ಮೂರನೆಯವನ ಶೇ 15, ಕೊನೆಯವನ ಶೇ 10. ಹ್ಯಾಂಡಿಕ್ಯಾಪ್ 8, 12, 18, 26 ಇರುವ ನಾಲ್ವರಿಗೆ ಸೇರಿ ಸಿಗುವುದು ಹತ್ತೇ ಹೊಡೆತ. ಬರೀ ಸರಾಸರಿ ತೆಗೆದಿದ್ದರೆ 16 ಸಿಗುತ್ತಿತ್ತು. ದುರ್ಬಲನ ಕೆಟ್ಟ ಹೊಡೆತಗಳು ತಂಡವನ್ನು ಬಾಧಿಸುವುದಿಲ್ಲ ಎಂಬುದು ಆ ಕೊನೆಯ ಶೇ 10ರಲ್ಲಿ ಅಡಗಿದೆ.

ಓರ್ಲಾಂಡೊದ ಆ ಪಂದ್ಯದಲ್ಲಿ ಡಾಲಿಯವರ 117ರ ದಾಖಲೆ 2024ರಲ್ಲಿ ಮುರಿಯಿತು, ಅದೂ ಎರಡೆರಡು ತಂಡಗಳಿಂದ. ಜರ್ಮನಿಯ ಗಾಲ್ಫಿಗ ಬರ್ನ್‌ಹಾರ್ಡ್ ಲ್ಯಾಂಗರ್ ಮತ್ತು ಮಗ ಜೇಸನ್, ವುಡ್ಸ್ ಮತ್ತು ಚಾರ್ಲಿ, ಎರಡೂ ತಂಡಗಳದು ಎರಡು ದಿನಕ್ಕೆ 116. ಕೊನೆಯ ದಿನ ಚಾರ್ಲಿ ಒಂದು ಕುಳಿಗೆ ಒಂದೇ ಹೊಡೆತದಲ್ಲಿ ಚೆಂಡು ಬೀಳಿಸಿದ್ದ. ಸಮನಾದವರಿಗೆ ಹೆಚ್ಚುವರಿ ಕುಳಿ ಆಡಿಸಿದಾಗ ಈಗಲ್ ಪಟ್ ಬೀಳಿಸಿ ಪಂದ್ಯ ಮುಗಿಸಿದವರು ಲ್ಯಾಂಗರ್. ಆಗ ಅವರಿಗೆ 67 ವರ್ಷ.