ಫಂಕ್ಷನ್‌ಗಳನ್ನೂ ಅವುಗಳ ಪ್ಯಾರಾಮೀಟರ್‌ಗಳನ್ನೂ ಪೈಥಾನ್ ತಾನೇ ಪಟ್ಟಿ ಮಾಡಬಲ್ಲದೇ?

ಪ್ರಶ್ನೆ: ನಮ್ಮ ಕಚೇರಿಯ ಹಳೆಯ ಪೈಥಾನ್ ಕೋಡ್‌ನಲ್ಲಿರುವ ಫಂಕ್ಷನ್‌ಗಳನ್ನು, ಅವುಗಳ ಪ್ಯಾರಾಮೀಟರ್‌ಗಳ ಸಮೇತ, ತಾನಾಗಿಯೇ ಪಟ್ಟಿ ಮಾಡಿಸುವುದು ಹೇಗೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಪೈಥಾನ್‌ನಲ್ಲಿ ಫಂಕ್ಷನ್ ಕೂಡ ಒಂದು ಆಬ್ಜೆಕ್ಟ್ ಆಗಿರುವುದರಿಂದ, ಅದು ತನ್ನ ಹೆಸರು, ಪ್ಯಾರಾಮೀಟರ್‌ಗಳು (ಕೆಲಸಕ್ಕಾಗಿ ಪಡೆಯುವ ಮಾಹಿತಿಯ ಹೆಸರುಗಳು) ಮತ್ತು ಡೀಫಾಲ್ಟ್ ಬೆಲೆಗಳನ್ನು (ಏನೂ ಕೊಡದಿದ್ದಾಗ ಬಳಕೆಯಾಗುವವು) ಪ್ರೋಗ್ರಾಮ್ ಓಡುತ್ತಿರುವಾಗಲೂ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಭಾಷೆಯ ಜೊತೆಗೇ ಬರುವ ಇನ್‌ಸ್ಪೆಕ್ಟ್ (inspect) ಮಾಡ್ಯೂಲ್‌ನಲ್ಲಿ, ಅಂದರೆ ಕೋಡ್ ಕಡತದಲ್ಲಿ, ಗೆಟ್‌ಮೆಂಬರ್ಸ್ (getmembers) ಮತ್ತು ಇಸ್‌ಫಂಕ್ಷನ್‌ಗಳನ್ನು (isfunction) ಒಟ್ಟಿಗೆ ಬಳಸಿದರೆ ಹೆಸರುಗಳು ಸಿಗುತ್ತವೆ. ಬೇರೆಡೆಯಿಂದ ಇಂಪೋರ್ಟ್ ಮಾಡಿಕೊಂಡ ಫಂಕ್ಷನ್‌ಗಳೂ ಇದರಲ್ಲಿ ಸೇರುವುದರಿಂದ, ಪ್ರತಿಯೊಂದೂ ಯಾವ ಮಾಡ್ಯೂಲ್‌ಗೆ ಸೇರಿದ್ದೆಂದು ನೋಡಿ ಬೇರ್ಪಡಿಸಬೇಕು.

ಪ್ಯಾರಾಮೀಟರ್‌ಗಳಿಗೆ 2012ರ ಪೈಥಾನ್ 3.3ರಲ್ಲಿ ಬಂದ, ಇನ್‌ಸ್ಪೆಕ್ಟ್‌ನದೇ ಸಿಗ್ನೇಚರ್ (signature) ಇದೆ. ನಮ್ಮ ಮೆಟ್ರೋ ದರವನ್ನು ಲೆಕ್ಕ ಹಾಕುವ ಫಂಕ್ಷನ್ ಒಂದಿದೆಯೆನ್ನಿ: ಹತ್ತುವ ನಿಲ್ದಾಣ ಮತ್ತು ಇಳಿಯುವ ನಿಲ್ದಾಣಗಳು ಕಡ್ಡಾಯವೆಂದೂ, ರಿಯಾಯಿತಿಗೆ 5 ಎಂಬ ಡೀಫಾಲ್ಟ್ ಇದೆಯೆಂದೂ ಸಿಗ್ನೇಚರ್ ತಿಳಿಸುತ್ತದೆ. ಇದೇ ಕೆಲಸಕ್ಕೆ ಹಳೆಯ ಪಾಠಗಳಲ್ಲಿ ಕಾಣುವ ಗೆಟ್‌ಆರ್ಗ್‌ಸ್ಪೆಕ್ (getargspec) ಪೈಥಾನ್ 3.11ರಿಂದ ಇಲ್ಲ.

ನಿಜವಾದ ತೊಡಕು ಇರುವುದು ಡೆಕೋರೇಟರ್‌ಗಳಲ್ಲಿ, ಅಂದರೆ ಫಂಕ್ಷನ್‌ನ ಮೇಲೆ @ ಗುರುತಿನೊಡನೆ ಬರೆದು ಅದರ ನಡವಳಿಕೆಯನ್ನು ಬದಲಿಸುವವುಗಳಲ್ಲಿ. ಡೆಕೋರೇಟರ್ ಸಾಮಾನ್ಯವಾಗಿ ಮೂಲ ಫಂಕ್ಷನ್‌ನ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತದೆ. ಆ ಹೊಸದು ಯಾವ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಬಂದರೂ ಸ್ವೀಕರಿಸುವಂತೆ ಬರೆದದ್ದಾದರೆ, ನಿಲ್ದಾಣಗಳ ಸುಳಿವೇ ಇಲ್ಲದ ಸಿಗ್ನೇಚರ್ ಕೈಗೆ ಬರುತ್ತದೆ. ಡೆಕೋರೇಟರ್ ಬೇರೆ ಮಾಡ್ಯೂಲ್‌ನದಾಗಿದ್ದರಂತೂ ಮೇಲೆ ಹೇಳಿದ ಬೇರ್ಪಡಿಸುವಿಕೆಯಲ್ಲಿ ಆ ಫಂಕ್ಷನ್ ಸದ್ದಿಲ್ಲದೆ ಪಟ್ಟಿಯಿಂದಲೇ ಬಿದ್ದುಹೋಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್ ಮಾಡ್ಯೂಲ್‌ನ ರ‍್ಯಾಪ್ಸ್ (functools.wraps) ಬಳಸಿ ಬರೆದ ಡೆಕೋರೇಟರ್‌ಗಳಲ್ಲಿ ಈ ಸಮಸ್ಯೆಯಿಲ್ಲ: ಅದು ಹೆಸರನ್ನೂ ಮಾಡ್ಯೂಲನ್ನೂ ನಕಲಿಸಿ, ಮೂಲಕ್ಕೆ ಹೋಗುವ ದಾರಿಯನ್ನೂ ಉಳಿಸುತ್ತದೆ, ಸಿಗ್ನೇಚರ್ ಆ ದಾರಿಯನ್ನೇ ಹಿಡಿಯುತ್ತದೆ.

ಪ್ಯಾರಾಮೀಟರ್‌ಗಳ ಟೈಪ್ (ಸಂಖ್ಯೆಯೇ, ಪಠ್ಯವೇ ಎಂಬುದು) ಬೇಕೆಂದರೆ, ಬರೆದವರು ಅದನ್ನು ನಮೂದಿಸಿರಬೇಕು. ನಮೂದಿಸಿದ್ದರೂ ಪೈಥಾನ್ ಅದನ್ನು ತಾನಾಗಿ ಜಾರಿಗೊಳಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ. ಇನ್‌ಸ್ಪೆಕ್ಟ್‌ಗಾಗಿ ಮಾಡ್ಯೂಲನ್ನು ಇಂಪೋರ್ಟ್ ಮಾಡಿದೊಡನೆ ಅದರ ಮೇಲ್ಮಟ್ಟದ ಸಾಲುಗಳೆಲ್ಲ ಓಡುತ್ತವೆ. ಹಳೆಯ ಸ್ಕ್ರಿಪ್ಟ್‌ಗಳು ಇಂಪೋರ್ಟ್ ಆದ ಕೂಡಲೇ ಇಮೇಲ್ ಕಳಿಸುವುದೂ ಫೈಲ್ ಅಳಿಸುವುದೂ ಅಪರೂಪವಲ್ಲ. ಆದ್ದರಿಂದ ನಿಮ್ಮಂಥವರಿಗೆ ನನ್ನ ಸಲಹೆ, ಮೊದಲು ಕೋಡ್‌ನ ರಚನೆಯನ್ನು ಮರದಂತೆ ಬಿಡಿಸಿಡುವ ಎಎಸ್‌ಟಿ (ast) ಮಾಡ್ಯೂಲ್ ಬಳಸಿ. ಅದು ಕೋಡನ್ನು ಓಡಿಸದೆ ಕೇವಲ ಓದುತ್ತದೆ, ಡೆಕೋರೇಟರ್‌ನ ಹಿಂದಿರುವ ಮೂಲ ಪ್ಯಾರಾಮೀಟರ್‌ಗಳನ್ನೂ ತೋರಿಸುತ್ತದೆ. ಓಡುವಾಗ ತಯಾರಾಗುವ ಫಂಕ್ಷನ್‌ಗಳು ಮಾತ್ರ ಅದಕ್ಕೆ ಕಾಣುವುದಿಲ್ಲ. ಇಂಪೋರ್ಟ್ ಸುರಕ್ಷಿತವೆಂದು ಖಾತ್ರಿಯಾದ ಮಾಡ್ಯೂಲ್‌ಗಳಿಗೆ ಎರಡೂ ಪಟ್ಟಿಗಳನ್ನು ತೆಗೆದು ಹೋಲಿಸಿ, ತಾಳೆಯಾಗದವನ್ನಷ್ಟೇ ಕಣ್ಣಿಟ್ಟು ಓದಿದರೆ ಸಾಕು.